ಕಣ್ಣು ಮುಚ್ಚಿದ ಚೆಲ್ಲಮ್ಮಾಳ್

ದಿಂಡಿಗಲ್ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಮೂಟೆ ಎಣಿಸುವ ಪೊನ್ನುಸಾಮಿ ಒಂದು ಬೆಳಗ್ಗೆ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬೀದಿಗೆ ಬಂದು, ತಾನು ಇನ್ನು ಮುಂದೆ ಪಟ ತೆಗೆಯುವವನು ಎಂದು ಓಣಿಗೆಲ್ಲ ಸಾರಿದ.

ಎದುರುಮನೆಯ ಮುದುಕ ಕೇಳಿದ: "ನಿನ್ನೆವರೆಗೆ ಏನಾಗಿದ್ದೆ ತಂಬಿ?"

"ಮೂಟೆ ಎಣಿಸ್ತಿದ್ದೆ."

"ಇವತ್ತು?"

"ಇವತ್ತೂ ಎಣಿಸ್ತೀನಿ. ಆದ್ರೆ ಪಟ ತೆಗೆಯೋನಾಗಿ ಎಣಿಸ್ತೀನಿ."

ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುವವನ ಜೊತೆ ವಾದ ಮಾಡುವುದು ಹೇಗೆ? ಮುದುಕ ಒಳಗೆ ಹೋದ.

ಪೆರಿಯಾರ್ ನೀರು ಬೆಟ್ಟ ತೂರಿ ಕಂಬಂ ಕಣಿವೆಗೆ ಇಳಿದ ಮರುವರ್ಷದ ಮಾತಿದು. ರೈಲ್ವೆಯ ಇಂಜಿನಿಯರ್ ದೊರೆಯೊಬ್ಬ ಬಿಳಿಯರ ಸೀಮೆಗೆ ಹಿಂದಿರುಗುವಾಗ ಹಡಗಿಗೆ ಹೊರೆಯಾಗುವುದನ್ನೆಲ್ಲ ಹಂಚಿಬಿಟ್ಟಿದ್ದ. ಸ್ಟೇಷನ್ ಮಾಸ್ತರರಿಗೆ ಒಂದು ಮುದಿ ನಾಯಿ ಬಂತು. ಬಟ್ಲರನಿಗೆ ಟೋಪಿ ನೇತುಹಾಕುವ ಮರ ಬಂತು. ದೊರೆಯ ಸಾಮಾನನ್ನು ಒಂದೂ ಒಡೆಯದೆ ರೈಲಿಗೆ ಏರಿಸಿದ ಪೊನ್ನುಸಾಮಿಗೆ ಕ್ಯಾಮೆರಾ ಬಂತು. ಅದರ ಜೊತೆ ನಿಲ್ಲಿಸಲು ಮೂರು ಕಾಲು, ತಲೆಗೆ ಹೊದೆಯಲು ಕರೀ ಬಟ್ಟೆ, ಒಂದು ಪೆಟ್ಟಿಗೆ ತುಂಬ ಗಾಜಿನ ತಟ್ಟೆ, ಮೂಗು ಸುಡುವ ನಾಲ್ಕಾರು ಸೀಸೆ. ಮಸೂರಗಳನ್ನಿಟ್ಟ ಮಖಮಲ್ಲಿನ ಪೆಟ್ಟಿಗೆಯನ್ನು ಮಾತ್ರ ದೊರೆ ತಾನೇ ಒಯ್ದ. ಕ್ಯಾಮೆರಾದ ಮುಖಕ್ಕೆ ತಿರುಗಿಸಿ ಕೂರಿಸಿದ್ದ ಒಂದೇ ಒಂದು ಮಸೂರ ಉಳಿಯಿತು. ಅದನ್ನು ತೋರಿಸಿ ದೊರೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸ್ಟೇಷನ್ ಮಾಸ್ತರರು ತಮಿಳಿಗೆ ಇಳಿಸಿದರು: "ಇದರ ಕಣ್ಣು ದೂರದ್ದನ್ನು ಹತ್ತಿರ ಎಳೆಯೋದಿಲ್ಲ, ಹತ್ತಿರದ್ದನ್ನು ದೂರ ತಳ್ಳೋದಿಲ್ಲ. ಮುಖ ದೊಡ್ಡದಾಗಿ ಬೇಕೋ, ನೀನೇ ಹತ್ತಿರ ಹೋಗು. ಚಿಕ್ಕದಾಗಿ ಬೇಕೋ, ನೀನೇ ಹಿಂದೆ ಬಾ."

ಈ ಉಪದೇಶದಲ್ಲಿ ಹತ್ತಿರ ಹೋಗು ಎಂಬಷ್ಟು ಭಾಗ ಪೊನ್ನುಸಾಮಿಗೆ ಬಹಳ ಹಿಡಿಸಿತು. ಅದಕ್ಕೆ ಕಾರಣವಿತ್ತು. ಕಾರಣದ ಹೆಸರು ತಿಲಗವತಿ.

ತಿಲಗವತಿ ಅವನ ಸೋದರತ್ತೆ ಚೆಲ್ಲಮ್ಮಾಳ್ ಮಗಳು. ಚೆಲ್ಲಮ್ಮಾಳ್ ಕೋಟೆಬಂಡೆಯ ಕೆಳಗಿನ ಪೇಟೆಯಲ್ಲಿ ಸೊಪ್ಪು ಮಾರುತ್ತಿದ್ದಳು. ಕನ್ನಡ ಮಾತಾಡಿಕೊಂಡು ತಲೆತಲಾಂತರದಿಂದ ಕಂಬಂ ಕಣಿವೆಯಲ್ಲಿ ನೇಗಿಲು ಹಿಡಿದಿರುವ ಅವರ ಜನದಲ್ಲಿ ಅತ್ತೆಯ ಮಗಳನ್ನು ತರುವುದಕ್ಕೆ ಯಾರನ್ನೂ ಕೇಳಬೇಕಿಲ್ಲ. ಬಿಡುವುದಾದರೆ ಕೇಳಬೇಕು. ಆದರೆ ಅದೇ ಕಣಿವೆಯ ತೇವಾರಂನಲ್ಲಿದ್ದ ಪೊನ್ನುಸಾಮಿಯ ಅಪ್ಪ ಮುತ್ತುಸಾಮಿ ಗೌಡರು ಯಾರನ್ನೂ ಕೇಳದೆಯೇ ಬಿಟ್ಟಿದ್ದರು. ಅಣ್ಣ ತಂಗಿಗೆ ಮಾತು ನಿಂತು ಬಹಳ ವರ್ಷವಾಗಿತ್ತು.

ಜಗಳದ ಮೂಲ ಒಂದು ಹೋರಿ. ದೇವರ ಹಿಂಡಿಗೆ ಪಟ್ಟದ ಹೋರಿಯನ್ನು ಆರಿಸುವಾಗ ಕಬ್ಬಿನ ಕಟ್ಟು ಮುಂದಿಡುತ್ತಾರೆ; ಬಾಯಿ ಹಾಕಿದ ಹೋರಿಗೆ ಪಟ್ಟ. ಗೌಡರು ತಮ್ಮ ಹೋರಿಯನ್ನು ಮಗನಿಗಿಂತ ಚೆನ್ನಾಗಿ ಸಾಕಿದ್ದರು. ಆ ದಿನ ಬಂದವರೆಲ್ಲ ಅದನ್ನು ಹೊಗಳಿದರು. ಚೆಲ್ಲಮ್ಮಾಳ್ ಗಂಡ ತಂಗವೇಲ್ ಮಾತ್ರ ನೋಡಿ "ಹೂಂ" ಅಂದ. ಹೋರಿ ಕಬ್ಬು ಮೂಸಿ, ಮುಖ ತಿರುಗಿಸಿತು. "ಅವನ ಹೂಂ ತಗುಲಿತು" ಎಂದರು ಗೌಡರು. "ನಿನ್ನ ಹೋರಿಗೆ ಕಬ್ಬು ಸೇರದಿದ್ರೆ ನನ್ನ ಗಂಡ ಏನ್ ಮಾಡ್ಬೇಕು, ತಿನ್ನಿಸ್ಬೇಕಾ?" ಎಂದಳು ಚೆಲ್ಲಮ್ಮಾಳ್. ಅಲ್ಲಿಗೆ ಮುಗಿಯಿತು. ತಂಗವೇಲ್ ದಿಂಡಿಗಲ್ಲಿನ ಬೀಗದ ಕಮ್ಮಾರಸಾಲೆಯಲ್ಲಿ ಕೆಲಸ ಹಿಡಿದ. ಗೌಡರು ತಂಗಿಯ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದರು.

ಈಗ ಆ ಗೌಡರು, ಆವಣಿ ತಿಂಗಳು ಹುಟ್ಟಿದ ಮೊದಲ ಮುಹೂರ್ತಕ್ಕೆ ಕಂಬಂನ ಒಂದು ಮನೆಗೆ ಮಗನ ಮದುವೆ ನಿಶ್ಚಯದ ತಾಂಬೂಲ ಒಯ್ಯುವುದಾಗಿ ಹೇಳಿಕಳಿಸಿದ್ದರು. ಅದರ ಹಿಂದಿನ ಆಡಿ ತಿಂಗಳು ಮುಗಿಯುತ್ತ ಬಂದಿತ್ತು. ಅಪ್ಪನೆದುರು ನಿಂತು ಒಲ್ಲೆ ಎನ್ನುವ ಗಂಡಸು ಪೊನ್ನುಸಾಮಿಯಲ್ಲ. ಆದರೆ ತಿಲಗವತಿಯ ಮುಖ ಒಂದು ಸಲ ಅಪ್ಪನ ಕೈಗೆ ಸಿಕ್ಕರೆ ಅಪ್ಪ ತಾನಾಗಿಯೇ ಕರಗುತ್ತಾರೆ ಎಂದು ಅವನಿಗೆ ಖಂಡಿತವಾಗಿ ತೋರಿತು. ಅವನಿಗೆ ಖಂಡಿತವಾಗಿ ತೋರಿದ ಸಂಗತಿಗಳೆಲ್ಲ ಆವರೆಗೆ ಏನಾಗಿದ್ದವು ಎಂಬ ವಿಚಾರ ಇಲ್ಲಿ ಬೇಡ.

ನೇರವಾಗಿ ಹುಡುಗಿಯ ಮುಂದೆ ಕ್ಯಾಮೆರಾ ನೆಟ್ಟರೆ ಜನ ಏನೆನ್ನುತ್ತಾರೆ? ಅದಕ್ಕೇ ಇಡೀ ಪೇಟೆಯ ಮಾರಾಟಗಾರರ ಪಟ ತೆಗೆಯುವುದು, ಆ ಗದ್ದಲದಲ್ಲಿ ತಿಲಗವತಿಯನ್ನೂ ಸೇರಿಸಿಬಿಡುವುದು ಎಂದು ಉಪಾಯ ಹೂಡಿದ.

ಮಡಕೆಯವನಿಂದ ಶುರುವಾಯಿತು. ಪೊನ್ನುಸಾಮಿ ಮೂರು ಕಾಲು ನೆಟ್ಟ, ಬಟ್ಟೆಯೊಳಗೆ ತಲೆ ಹಾಕಿದ, ಹೊರಗೆ ತೆಗೆದ, ಎರಡು ಹೆಜ್ಜೆ ಮುಂದೆ ಹೋದ, ಮತ್ತೆ ತಲೆ ಹಾಕಿದ, ಒಂದು ಹೆಜ್ಜೆ ಹಿಂದೆ ಬಂದ. ಹಿಂದೆ ಬರುವಾಗ ಹುಣಿಸೆಹಣ್ಣಿನ ಗುಡ್ಡೆಯಲ್ಲಿ ಕೂತ. ಹುಣಿಸೆಹಣ್ಣಿನವಳು ಎಬ್ಬಿಸಿದಳು. ಹೇಗೆ ಎಬ್ಬಿಸಿದಳು ಎಂಬುದು ಬರೆಯುವಂಥದ್ದಲ್ಲ.

"ಅದೇನಯ್ಯಾ, ಕೋಳಿ ಹೆಜ್ಜೆ ಹಾಕ್ತೀಯ? ಸರ್ಕಾರದ ಅಳತೆಯಾ?" ಎಂದ ಮಡಕೆಯವ.

"ಅಳತೆಯಲ್ಲ ಅಣ್ಣಾ, ಪಟ. ಇದರ ಕಣ್ಣು ಇದ್ದಲ್ಲೇ ಇರುತ್ತೆ. ನಾನು ಓಡಾಡ್ಬೇಕು."

"ಒಂಟಿ ಕಣ್ಣಾ!" ಎಂದು ಮಡಕೆಯವ ಎದೆ ಮುಟ್ಟಿಕೊಂಡ.

ಆ ಮಾತು ಪೇಟೆಯ ತುದಿ ಮುಟ್ಟುವಷ್ಟರಲ್ಲಿ, ಗಾಜಿನ ಒಂಟಿ ಕಣ್ಣು ಯಾರ ಮೇಲೆ ಬೀಳುತ್ತದೋ ಅವರ ವ್ಯಾಪಾರಕ್ಕೆ ದೃಷ್ಟಿ ತಗುಲುತ್ತದೆ ಎಂದಾಗಿತ್ತು. ಪಟ ಬೇಡ ಎನ್ನುವುದಕ್ಕೂ ಯಾರಿಗೂ ಮನಸ್ಸಿಲ್ಲ, ದೃಷ್ಟಿಯೂ ಬೇಡ. ಎಲ್ಲರೂ ಪಟ ತೆಗೆಸಿಕೊಂಡರು, ಎಲ್ಲರೂ ನಿಂಬೆಹಣ್ಣು ಒಡೆದರು. ಮಧ್ಯಾಹ್ನದೊಳಗೆ ನಿಂಬೆಹಣ್ಣಿನವನ ಬುಟ್ಟಿ ಖಾಲಿ. ಅವನು ಪೊನ್ನುಸಾಮಿಯ ಕೈ ಹಿಡಿದು, "ತಂಬಿ, ನಾಳೆಯೂ ಬಾ. ಮೀನುಪೇಟೆ ಕಡೆ ಇನ್ನೂ ಯಾರನ್ನೂ ನೀನು ನೋಡೇ ಇಲ್ಲ" ಎಂದು ಬೇಡಿಕೊಂಡ. ಅವನೊಬ್ಬ ಮಾತ್ರ ತನ್ನ ಪಟ ತೆಗೆಯಲು ಬಿಡಲಿಲ್ಲ.

ಕೊನೆಗೆ ಸೊಪ್ಪಿನ ಅಂಗಡಿ. ಎಡಕ್ಕೆ ಹೂವಿನ ಮುತ್ತುಲಕ್ಷ್ಮಿ, ಅವಳ ಬಿದಿರಿನ ಗಳದಿಂದ ಮಾಲೆಗಳು ಚೆಲ್ಲಮ್ಮಾಳ್ ತಲೆಯ ಮೇಲೆ ಇಳಿಬಿದ್ದಿವೆ. ಬಲಕ್ಕೆ ಪೂಜೆ ಸಾಮಾನಿನ ಅಂಗಡಿ, ಅಲ್ಲಿ ಊದುಬತ್ತಿಯ ಹೊಗೆ ನಿಂತದ್ದೇ ಇಲ್ಲ. ನಡುವೆ ಚೆಲ್ಲಮ್ಮಾಳ್, ಬೆನ್ನ ಹಿಂದೆ ಕಂತೆ ಕಟ್ಟುತ್ತ ತಿಲಗವತಿ.

"ಅತ್ತೆ, ಒಂದು ಪಟ."

"ನನ್ನದ್ಯಾಕೋ?"

"ಎಲ್ಲರದ್ದೂ ತೆಗೀತಿದ್ದೀನಿ."

"ಎಲ್ಲರಿಂದ ಅಷ್ಟು ದೂರ ನಿಂತೆ. ಇಲ್ಲಿ ಮಡಿಲಲ್ಲೇ ಕೂರೋ ಹಂಗೆ ಬಂದಿದ್ದೀಯ."

"ಕಣ್ಣು ಅಂಥದ್ದು ಅತ್ತೆ."

"ಯಾರ ಕಣ್ಣು ಅಂಥದ್ದು ಅಂತ ನನಗೂ ಗೊತ್ತು" ಎಂದಳು ಚೆಲ್ಲಮ್ಮಾಳ್. ಮುತ್ತುಲಕ್ಷ್ಮಿ ಹೂವು ಕಟ್ಟುವುದನ್ನು ನಿಲ್ಲಿಸಿ ನಕ್ಕಳು. ತಿಲಗವತಿ ನಗಲಿಲ್ಲ, ಆದರೆ ಕಟ್ಟಿದ ಕಂತೆಯನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಪೊನ್ನುಸಾಮಿ ಬಟ್ಟೆಯೊಳಗೆ ನುಗ್ಗಿದ.

"ಅಲ್ಲಾಡಬಾರ್ದು. ಉಸಿರಾಡಬಾರ್ದು. ಮುಖ್ಯವಾಗಿ ಕಣ್ಣು ಮಿಟುಕಿಸಬಾರ್ದು!" ಎಂದು ಕೂಗಿ ಮಸೂರದ ಮುಚ್ಚಳ ತೆಗೆದ.

ಅದೇ ಗಳಿಗೆಗೆ ಹಿಂದಿನಿಂದ ಒಂದು ಆಡು ಬಂದು ಅಗಸೆಸೊಪ್ಪಿಗೆ ಬಾಯಿ ಹಾಕಿತು. ತಿಲಗವತಿ ಎದ್ದಳು, ಓಡಿದಳು, ಆಡಿನ ಕಿವಿ ಹಿಡಿದಳು, ಬೈದಳು, ತಿರುಗಿ ಬಂದಳು. ಚೆಲ್ಲಮ್ಮಾಳ್ ಮಾತ್ರ ಮಾತಿಗೆ ತಪ್ಪುವ ಹೆಂಗಸಲ್ಲ, ಕಲ್ಲಿನಂತೆ ಕೂತಿದ್ದಳು.

ಆ ದಿನವೇ ಪೊನ್ನುಸಾಮಿ ತನ್ನ ಕೋಣೆಯ ಕಿಟಕಿಗೆ ಕಂಬಳಿ ಬಡಿದು ಕತ್ತಲು ಮಾಡಿ, ಸೀಸೆಯ ಮದ್ದಿನಲ್ಲಿ ಗಾಜಿನ ತಟ್ಟೆ ತೊಳೆದ. ಮರುದಿನ ಕಾಗದವನ್ನು ಅದಕ್ಕೆ ಒತ್ತಿ ಬಿಸಿಲಿಗಿಟ್ಟ. ಪಟ ಮೂಡಿತು. ಅತ್ತೆ ಒಂದು ಕೂದಲೂ ಬಿಡದೆ ಬಂದಿದ್ದಳು. ತಿಲಗವತಿ ಇರಬೇಕಾದಲ್ಲಿ, ಅತ್ತೆಯ ಭುಜದಿಂದ ಎದ್ದು ಮೇಲಕ್ಕೆ ಹೋಗುವ ಬಿಳಿ ಹೊಗೆಯಂಥದ್ದೊಂದು ಇತ್ತು. ಮಗುವನ್ನು ಒಂದೆಡೆ ಕೂರಿಸಿ ಊಟ ಮಾಡಿಸಲು ಹೊರಟವರಿಗೆ ಈ ನೋವು ಅರ್ಥವಾಗುತ್ತದೆ.

ಇನ್ನೊಂದು ಪಟಕ್ಕೆ ಹೊತ್ತಿಲ್ಲ. ಗಾಡಿ ಹೊಡೆಯುವ ಪಳನಿಸಾಮಿ ಅದೇ ಸಂಜೆ ತೇವಾರಂಗೆ ಹೊರಟಿದ್ದ. ಅವನು ಹೋದರೆ ಮುಹೂರ್ತದೊಳಗೆ ಹೋಗುವವರು ಬೇರೆ ಇಲ್ಲ. ಪೊನ್ನುಸಾಮಿ ಪಟವನ್ನು ತಿರುಗಿಸಿ ಮುರುಗಿಸಿ ನೋಡಿದ. ಮಗಳ ಮುಖವಿಲ್ಲದಿದ್ದರೆ ಏನು, ತಂಗಿಯ ಮುಖವಿದೆಯಲ್ಲ! ಒಡಹುಟ್ಟಿದವಳ ಮುಖ ಕಂಡರೆ ಯಾವ ಅಣ್ಣ ಕರಗುವುದಿಲ್ಲ?

"ಇದನ್ನ ಅಪ್ಪನ ಕೈಗೇ ಕೊಡು" ಎಂದ. "ಬಾಯಲ್ಲಿ ಏನೂ ಹೇಳಬೇಡ. ನೋಡಿದ್ರೆ ಅವರಿಗೇ ತಿಳೀತದೆ."

ತೇವಾರಂನಲ್ಲಿ ಆವರೆಗೆ ಜನ ನೋಡಿದ್ದ ಪಟ ಒಂದೇ ಒಂದು. ಚಾವಡಿಯ ಗೋಡೆಯ ಮೇಲೆ ತೀರಿಕೊಂಡ ಹಳೇ ಜಮೀನ್ದಾರರು, ಮೇಲೆ ಮಾಲೆ, ಮುಂದೆ ಊದುಬತ್ತಿ. ಸತ್ತವರನ್ನು ಮರೆಯದಿರಲಿ ಎಂದು ಬಿಳಿಯರು ಕಂಡುಹಿಡಿದ ಉಪಾಯವೇ ಪಟ ಎಂದು ಊರು ಅದರಿಂದ ತಿಳಿದುಕೊಂಡಿತ್ತು.

ಪಳನಿಸಾಮಿ ಬಂದಾಗ ಮುತ್ತುಸಾಮಿ ಗೌಡರ ಅಂಗಳದಲ್ಲಿ ಕಂಬಂಗೆ ಹೊರಡುವ ಗಾಡಿಗಳು ನಿಂತಿದ್ದವು. ನೆಂಟರೆಲ್ಲ ಹೊಸ ಬಟ್ಟೆ ಉಟ್ಟಿದ್ದರು. ಗೌಡರು ತಾಂಬೂಲದ ತಟ್ಟೆಯ ಮೇಲೆ ತೆಂಗಿನಕಾಯಿ ಇಡುತ್ತಿದ್ದರು. ಪಳನಿಸಾಮಿ ಪಟ ಕೊಟ್ಟ. ಏನೂ ಹೇಳಬೇಡ ಎಂದಿದ್ದನಲ್ಲ ಪೊನ್ನುಸಾಮಿ, ತುಟಿ ಬಿಗಿಹಿಡಿದು, ತಲೆ ತಗ್ಗಿಸಿ ನಿಂತ. ಪಳನಿಸಾಮಿಯಂಥ ವಾಚಾಳಿ ಬಾಯಿ ಮುಚ್ಚಿಕೊಂಡದ್ದೇ ಅರ್ಧ ಸುದ್ದಿ.

ಗೌಡರು ನೋಡಿದರು. ತಂಗಿ. ತಲೆಯ ಮೇಲೆ ಮಾಲೆಗಳು. ಪಕ್ಕದಲ್ಲಿ ಊದುಬತ್ತಿ. ಕಣ್ಣು ಮುಚ್ಚಿವೆ.

ತೆಂಗಿನಕಾಯಿ ಉರುಳಿ ಎತ್ತಿನ ಕಾಲಡಿಗೆ ಹೋಯಿತು.

"ಚೆಲ್ಲೀ!" ಎಂದು ಗೌಡರು ಕೂಗಿದ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. "ಅಯ್ಯೋ, ಒಂದು ಹೂಂಗೋಸ್ಕರ ನಿನ್ನನ್ನ ಬಿಟ್ನಲ್ಲವ್ವಾ! ಹಾಳಾದ ಹೋರಿಗೋಸ್ಕರ ಬಿಟ್ನಲ್ಲಾ!"

ದೊಡ್ಡವ್ವ ತಂಗಮ್ಮಾಳ್ ಪಟವನ್ನು ಕಸಿದುಕೊಂಡಳು. ಗೌಡರ ದೊಡ್ಡಪ್ಪನ ಹೆಂಡತಿಯಾದ ಈಕೆ ಕಣಿವೆಯಲ್ಲೇ ಹೆಸರಾದ ಹಾಡುಗಾರ್ತಿ. ಸಾವಿನ ಹಾಡು ಅವಳಷ್ಟು ಕರುಳು ಕಿವುಚುವಂತೆ ಹಾಡುವವರು ಇರಲಿಲ್ಲ. ಅವಳು ಪಟವನ್ನು ಕಣ್ಣಿಗೆ ಹತ್ತಿರ ಹಿಡಿದು, ಚೆಲ್ಲಮ್ಮಾಳ್ ಭುಜದಿಂದೆದ್ದ ಬಿಳಿ ಹೊಗೆಯ ಮೇಲೆ ಬೆರಳಿಟ್ಟಳು.

"ನೋಡ್ರಪ್ಪಾ. ಜೀವ ಹೋಗ್ತಾ ಇರೋದು ಸಮೇತ ಬಂದೈತೆ."

ಇದಕ್ಕಿಂತ ಸಾಕ್ಷಿ ಬೇಕೆ? ಅಂಗಳವೆಲ್ಲ ಗೊಳೋ ಎಂದಿತು. ತಾಂಬೂಲಕ್ಕೆಂದು ಬಂದವರೇ ಸಾವಿಗೆ ಹೊರಟರು. ಬಟ್ಟೆ ಬದಲಿಸಬೇಕೆಂದೂ ಯಾರಿಗೂ ತೋಚಲಿಲ್ಲ. ಕಂಬಂಗೆ ಆಳು ಓಡಿದ, ಮನೆಯಲ್ಲಿ ಸಾವಾಗಿದೆ ಎಂದು. ಅಲ್ಲಿಂದ ಅಷ್ಟೇ ವೇಗವಾಗಿ ಉತ್ತರ ಬಂತು: ತಾಂಬೂಲ ಕಟ್ಟುವಾಗಲೇ ಹೆಣ ಬೀಳುವ ಮನೆಗೆ ನಮ್ಮ ಹುಡುಗಿಯನ್ನು ಕೊಡುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ.

"ಹಾಳಾಗಿ ಹೋಗಲಿ" ಎಂದರು ಗೌಡರು. "ಗಾಡಿ ಹೂಡ್ರೋ! ದಿಂಡಿಗಲ್‌ಗೆ!"

"ಅಷ್ಟು ದೂರ ಹೋಗೋ ತನಕ ಇಟ್ಟಿರ್ತಾರಾ?" ಎಂದ ಯಾರೋ.

ಗೌಡರು ಅಳು ನಿಲ್ಲಿಸಿ ಅವನನ್ನು ನೋಡಿದರು. ಹೆಣ್ಣುಮಗಳು ಸತ್ತರೆ ತವರಿನ ಅಣ್ಣ ಕೋಡಿ ತರಬೇಕು. ಆ ಹೊಸ ಸೀರೆ ಮೈಮೇಲೆ ಬೀಳದೆ ಹೆಣ ಎತ್ತುವಂತಿಲ್ಲ. "ಅಣ್ಣನ ಕೋಡಿ ಬರದೆ ಎತ್ತುತ್ತಾರಾ? ಎತ್ತಿ ನೋಡ್ಲಿ! ಯಾರು ಎತ್ತುತ್ತಾನೆ ನಾನೂ ನೋಡ್ತೀನಿ!"

ರಾತ್ರಿ ಹಗಲೆನ್ನದೆ ಗಾಡಿ ಹೊಡೆದರು. ಚಿನ್ನಾಳಪಟ್ಟಿಯಲ್ಲಿ ಮಗ್ಗದವನ ಮನೆ ಮುಂದೆ ನಿಲ್ಲಿಸಿ ಸೀರೆ ಕೇಳಿದರು. ತಂಗಿ ಮುತ್ತೈದೆಯಾಗಿಯೇ ಹೋಗಿದ್ದಾಳೆ, ಆದ್ದರಿಂದ ಕೆಂಪು ಸೀರೆ, ಅಗಲ ಅಂಚು. ಹೊಸ ಬಟ್ಟೆ ತೊಟ್ಟ ಅಷ್ಟು ಜನರನ್ನು ನೋಡಿ ಮಗ್ಗದವ ಸಂತೋಷಪಟ್ಟ.

"ಮದುವೆಗಾ ಐಯಾ? ಹುಡುಗಿ ಬಣ್ಣ ಹೇಗೆ?"

ಗೌಡರು ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತರು. ಮಗ್ಗದವ ಗಾಬರಿಯಾಗಿ, ಹುಡುಗಿ ಅಷ್ಟೊಂದು ಕಪ್ಪಿರಬೇಕು ಎಂದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆಯನ್ನೇ ಕೊಟ್ಟ.

ದಿಂಡಿಗಲ್ಲಿನಲ್ಲಿ ಮೊದಲು ಸಿಕ್ಕಿದ್ದು ಕಮ್ಮಾರಸಾಲೆ. ಒಳಗೆ ತಂಗವೇಲ್ ಎಂದಿನಂತೆ ಬೀಗದ ನಾಲಗೆಗೆ ಅರ ತಿಕ್ಕುತ್ತ ಕೂತಿದ್ದ. ಎಷ್ಟೋ ವರ್ಷ ಮುಖ ನೋಡದ ಭಾವಮೈದುನ ಓಡಿಬಂದು ತಬ್ಬಿಕೊಂಡು ಅಳತೊಡಗಿದಾಗ ಅವನು ಅರವನ್ನು ಪಕ್ಕಕ್ಕಿಟ್ಟ. ಮಾತಾಡುವ ಅಭ್ಯಾಸ ಮೊದಲೇ ಇಲ್ಲ.

"ಮಚ್ಚಾನ್, ಹೋದದ್ದು ಹೋಯ್ತು! ಮನಸ್ಸಲ್ಲಿ ಇಟ್ಕೋಬೇಡಿ!" ಎಂದರು ಗೌಡರು.

ಹೋರಿಯ ಮಾತು ಎಂದುಕೊಂಡ ತಂಗವೇಲ್. "ಇಟ್ಕೊಂಡಿಲ್ಲ" ಎಂದ.

"ಎಂಥ ಗಟ್ಟಿ ಮನಸ್ಸು ನೋಡಿ, ಇವತ್ತೂ ಕೆಲಸಕ್ಕೆ ಕೂತವ್ರೆ!" ಎಂದು ನೆಂಟರು ಕಣ್ಣೊರೆಸಿಕೊಂಡರು.

"ಚೆಲ್ಲಿ ಎಲ್ಲಿ?"

"ಪೇಟೆಯಲ್ಲಿ."

"ಪೇಟೆಯಲ್ಲಾ! ಮನೇಲಿ ಇಡಲಿಲ್ವಾ?"

ತಂಗವೇಲ್‌ಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮನೇಲಿ ಇದ್ದು ಏನ್ ಮಾಡ್ತಾಳೆ? ಬೆಳಗ್ಗಿಂದ ಅಲ್ಲೇ ಕೂತವ್ಳೆ."

ಅವರ ಜನದಲ್ಲಿ ಹೆಣವನ್ನು ಕೂರಿಸಿ ಸಿಂಗರಿಸುವುದುಂಟು. "ಕೂರಿಸವ್ರೆ! ನನ್ನ ಕೋಡಿಗೆ ಕಾದು ಕೂತವ್ಳೆ ನನ್ನ ತಂಗಿ!" ಎಂದು ಗೌಡರು ಸೀರೆಯನ್ನು ತಲೆಯ ಮೇಲಿಟ್ಟುಕೊಂಡು ಓಡಿದರು. ಹಿಂದೆ ನೆಂಟರು. ದಾರಿಯಲ್ಲಿ ತಮಟೆಯವರು ಸೇರಿಕೊಂಡರು; ಅವರನ್ನು ಯಾರು ಕರೆದರೋ ಇಂದಿಗೂ ಗೊತ್ತಿಲ್ಲ. ಕೊನೆಯಲ್ಲಿ ತಂಗವೇಲ್ ನಡೆದು ಬಂದ, ಯಾರು ಸತ್ತರು ಎಂದು ಯಾರನ್ನಾದರೂ ಕೇಳಬೇಕೆಂದು ಯೋಚಿಸುತ್ತ.

ಅದೇ ಹೊತ್ತಿಗೆ ಪೇಟೆಯಲ್ಲಿ ಪೊನ್ನುಸಾಮಿ ಉಳಿದ ಒಂದೇ ಗಾಜಿನ ತಟ್ಟೆಯೊಂದಿಗೆ ಸೊಪ್ಪಿನ ಅಂಗಡಿಯ ಮುಂದೆ ಮತ್ತೆ ಕ್ಯಾಮೆರಾ ನೆಟ್ಟಿದ್ದ. ಮುಹೂರ್ತ ಕಳೆದುಹೋಗಿತ್ತು, ಕಂಬಂನಲ್ಲಿ ತಾಂಬೂಲ ಬದಲಾಯಿಸಿಯಾಗಿರಬೇಕು ಎಂದು ಅವನ ಎದೆ ಭಾರವಾಗಿತ್ತು. ಪಟವಾದರೂ ಉಳಿಯಲಿ ಎಂದು ಬಂದಿದ್ದ. ಬಟ್ಟೆಯೊಳಗೆ ಕ್ಯಾಮೆರಾದ ಬೆನ್ನಿನ ಮಂಜು ಗಾಜಿನ ಮೇಲೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದಷ್ಟೆ. ಬುಟ್ಟಿ ಮೇಲೆ, ಅತ್ತೆ ಅದರ ಕೆಳಗೆ ನೇತಾಡುತ್ತಿದ್ದಾಳೆ. ಆಗ ಅಂಗಡಿಯ ಹಿಂದಿನ ಓಣಿಯಿಂದ, ಆಕಾಶಕ್ಕೆ ಕಾಲು ಕೊಟ್ಟು, ಅಪ್ಪ ಅಳುತ್ತ ಓಡಿಬಂದರು. ತಲೆಯ ಮೇಲೆ ಕೆಂಪು ಸೀರೆ. ಹಿಂದೆ ಹೊಸ ಬಟ್ಟೆಯ ನೆಂಟರು, ತಮಟೆ.

ಪೊನ್ನುಸಾಮಿಗೆ ಬಟ್ಟೆಯೊಳಗೇ ಕುಣಿಯುವ ಹಾಗಾಯಿತು. ಕರಗಿದರು! ಪಟ ಕೆಲಸ ಮಾಡಿತು! ಹೆಣ್ಣು ಕೇಳಲು ಸೀರೆಯನ್ನೇ ತಂದಿದ್ದಾರೆ! ಹೊರಗೆ ಹಾರಿ, "ಬನ್ನಿ ಅಪ್ಪಾ! ನೀವು ಬರ್ತೀರ ಅಂತ ನನಗೆ ಗೊತ್ತಿತ್ತು!" ಎಂದು ಹಲ್ಲು ಬಿಟ್ಟು ನಿಂತ.

"ನಗ್ತೀಯೇನೋ ಚಂಡಾಳ!" ಎಂದು ಗೌಡರು ಅವನನ್ನು ತಳ್ಳಿ, ಮುಂದೆ ಕೂತಿದ್ದ ತಂಗಿಯ ಮೈಮೇಲೆ ಸೀರೆ ಎಸೆದು, ಬುಟ್ಟಿಗಳ ನಡುವೆ ಬಿದ್ದರು. "ಚೆಲ್ಲೀ! ಒಂದ್ಸಲ ಕಣ್ಣು ಬಿಡವ್ವಾ! ಈ ಪಾಪಿ ಬಂದವ್ನೆ ನೋಡವ್ವಾ!"

ತಂಗಮ್ಮಾಳ್ ಎದೆ ಬಡಿದುಕೊಂಡು ಹಾಡೆತ್ತಿದಳು. ಹೂವಿನ ಮುತ್ತುಲಕ್ಷ್ಮಿಗೆ ಏನೂ ತಿಳಿಯದಿದ್ದರೂ ಅಳು ಬಂತು. ನಿಂಬೆಹಣ್ಣಿನವ ತನ್ನ ಬುಟ್ಟಿಯನ್ನು ಕ್ಯಾಮೆರಾದ ಹತ್ತಿರ ಸರಿಸಿಕೊಂಡ.

ಸೀರೆಯೊಳಗಿಂದ ಚೆಲ್ಲಮ್ಮಾಳ್ ಮುಖ ಹೊರಬಂತು.

"ದಂಟಿನ ಸೊಪ್ಪಿನ ಮೇಲಿಂದ ಏಳೋ ಅಣ್ಣಾ."

ಗೌಡರು ಎದ್ದರು. ಹಾಡು ನಿಂತಿತು. ತಮಟೆ ಮಾತ್ರ ಇನ್ನೂ ಎರಡು ಪೆಟ್ಟು ಬಿತ್ತು.

"ನೀನು... ಸತ್ತಿಲ್ವಾ?"

"ಯಾಕೆ, ತಡವಾಯ್ತಾ?"

"ಪಟ ಬಂತಲ್ಲ! ಮಾಲೆ, ಊದುಬತ್ತಿ, ಕಣ್ಣು ಮುಚ್ಚಿದ್ದೆ, ಜೀವ ಹೊಗೆಯಾಗಿ ಹೋಗ್ತಿತ್ತು..."

"ಮಿಟುಕಿಸಬಾರ್ದು ಅಂದ ನಿನ್ನ ಮಗ. ಮುಚ್ಕೊಂಡೆ. ಮುಚ್ಚಿದ ಕಣ್ಣು ಮಿಟುಕುತ್ತಾ?"

ಎಲ್ಲರೂ ಪೊನ್ನುಸಾಮಿಯ ಕಡೆ ತಿರುಗಿದರು. ಪೊನ್ನುಸಾಮಿ ಕರೀ ಬಟ್ಟೆಯ ಕಡೆ ಆಸೆಯಿಂದ ನೋಡಿದ.

ಚೆಲ್ಲಮ್ಮಾಳ್ ಮೊಣಕಾಲ ಮೇಲೆ ಬಿದ್ದಿದ್ದ ಸೀರೆಯನ್ನು ಮುಟ್ಟಿದಳು. ಅಂಚು ನೋಡಿದಳು. ಅದೇನೆಂದು ಈಗ ಅವಳಿಗೆ ತಿಳಿಯಿತು. ದನಿ ಬದಲಾಯಿತು.

"ಕೋಡಿ ತಂದೆಯಾ? ಇಷ್ಟು ವರ್ಷ ಒಂದು ಹಬ್ಬಕ್ಕೆ ಬರಲಿಲ್ಲ. ಮಗಳು ದೊಡ್ಡವಳಾದಾಗ ಮಾಮನ ಸೀರೆ ಇಲ್ಲದೆ ನೀರೆರೆದೆ, ಬೀದಿಯವರೆಲ್ಲ ನೋಡಿದರು. ಸತ್ತಾಗ ಓಡಿಬರೋ ಅಣ್ಣನಿಗೆ ಬದುಕಿದ್ದಾಗ ಎತ್ತು ಸಿಗಲಿಲ್ವಾ?"

ಗೌಡರು ತಂಗಿಯ ಮುಂದೆ ಮಂಡಿಯೂರಿ ಕೂತರು. ಗಡ್ಡಕ್ಕೆ ಸೊಪ್ಪಿನ ಎಲೆಯೊಂದು ಅಂಟಿತ್ತು. "ನೀನು ಹೋದೆ ಅಂದ್ಕೊಂಡು ಬಂದ ದಾರಿಯಲ್ಲಿ ನಾನು ಎಷ್ಟು ಸಲ ಸತ್ತೆ ಅಂತ ಈ ಎತ್ತುಗಳನ್ನ ಕೇಳು" ಎಂದರು. ಚೆಲ್ಲಮ್ಮಾಳ್ ಎತ್ತುಗಳನ್ನು ಕೇಳಲಿಲ್ಲ. ಕೈ ಚಾಚಿ ಆ ಎಲೆಯನ್ನು ತೆಗೆದಳು. ಅಷ್ಟು ಸಾಕಾಗಿ ಇಬ್ಬರೂ ಅತ್ತರು.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪೇಟೆಯ ಮೇಸ್ತ್ರಿ ಕೋಲು ಹಿಡಿದು ಬಂದ. "ಪೇಟೆಯೊಳಗೆ ಹೆಣ ತರಬಾರ್ದು. ಎಲ್ಲಿ ಹೆಣ?"

"ನಾನೇ" ಎಂದಳು ಚೆಲ್ಲಮ್ಮಾಳ್.

ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮಾತಾಡೋ ಹೆಣಕ್ಕೆ ಕಾನೂನಿಲ್ಲ. ಆದ್ರೂ ಬೇಗ ಎತ್ತಿ, ದಾರಿ ಕಟ್ಟಿದೆ" ಎಂದು ನೆರಳು ಹುಡುಕಿ ಕೂತ.

"ನಡೀರಿ, ಮನೆಗೆ ಹೋಗೋಣ. ಸೀರೆ ಮಡಚು" ಎಂದರು ಗೌಡರು.

"ಮುಟ್ಟಬೇಡ!" ಎಂದು ತಂಗಮ್ಮಾಳ್ ಗುಡುಗಿದಳು. "ಕೋಡಿ ಅಂತ ಹೊರಟ ಸೀರೆ ಹಿಂದಕ್ಕೆ ತವರಿಗೆ ಹೋದ್ರೆ ಅಲ್ಲೊಂದು ಹೆಣ ಬೀಳತ್ತೆ. ಇಲ್ಲೇ ಇಟ್ಕೊಂಡ್ರೆ ಇಲ್ಲೊಂದು ಬೀಳತ್ತೆ. ನಾನು ಎಷ್ಟು ನೋಡಿಲ್ಲ!"

ಎಲ್ಲರೂ ಸೀರೆಯಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮಡಿಲಲ್ಲೇ ಇಟ್ಟುಕೊಂಡ ಚೆಲ್ಲಮ್ಮಾಳ್‌ಗೆ ಸರಿಯಲು ಜಾಗವಿರಲಿಲ್ಲ. "ಅರ್ಧ ಬುಟ್ಟಿ ಇನ್ನೂ ಮಾರಬೇಕು. ಈಗ ಸಾಯೋಕೆ ನನಗಾಗಲ್ಲ" ಎಂದಳು.

"ಗುಡಿಗೆ ಕೊಟ್ಟುಬಿಟ್ರೆ?" ಎಂದ ಒಬ್ಬ ನೆಂಟ.

"ಸಾವಿನ ಸೀರೆ ದೇವಿಗೆ ಉಡಿಸ್ತೀಯಾ? ನಿನ್ನ ನಾಲಗೆ ಸೇದಿಹೋಗ!"

"ಹಾಗಾದ್ರೆ ನನಗೆ..." ಎಂದು ಶುರುಮಾಡಿದ ಇನ್ನೊಬ್ಬನ ಬಾಯನ್ನು ಅವನ ಹೆಂಡತಿ ಮುಚ್ಚಿದಳು.

ತಂಗಮ್ಮಾಳ್ ಕೆಳಗೆ ಕೂತು, ಎಲೆಯಡಿಕೆ ಬಾಯಿಗಿಟ್ಟು, ನ್ಯಾಯಾಧೀಶರ ಗಾಂಭೀರ್ಯದಿಂದ ಅಗಿದಳು. "ಅಣ್ಣ ತಂಗಿಯ ಮನೆಗೆ ಕೆಂಪು ಸೀರೆ ಹೊತ್ತು ಬರೋದು ಯಾವಾಗ? ಅವಳು ಸತ್ತಾಗ. ಇಲ್ಲಾ, ಅವಳ ಮಗಳನ್ನ ತನ್ನ ಸೊಸೆಯಾಗಿ ಕೇಳೋವಾಗ. ಮೂರನೇದಿಲ್ಲ. ಮುತ್ತುಸಾಮೀ, ನೀನೇ ಹೇಳು. ಸೀರೆ ಯಾವುದಕ್ಕೆ ತಂದೆ?"

ಪೊನ್ನುಸಾಮಿ ಕ್ಯಾಮೆರಾದ ಕಾಲು ಹಿಡಿದುಕೊಂಡ.

ಗೌಡರು ತಂಗಿಯನ್ನು ನೋಡಿದರು. ಕಂಬಂನವರು ಕೊಟ್ಟ ಉತ್ತರವನ್ನು ನೆನೆದರು. ಸೀರೆಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, "ಹೆಣ್ಣು ಕೇಳೋಕೇ ತಂದೆ" ಎಂದರು. "ದಾರೀಲಿ ಸ್ವಲ್ಪ ಅತ್ತೆ, ಅಷ್ಟೆ."

ಪೇಟೆ ಭೋರ್ಗರೆಯಿತು. ಮುತ್ತುಲಕ್ಷ್ಮಿ ಗಳದ ಮಾಲೆಗಳನ್ನೆಲ್ಲ ಎಳೆದು ತಂದಳು. ತಮಟೆಯವರು ತಾಳ ಬದಲಿಸಿದರು. ಎಲೆಯಡಿಕೆಯವ ಕರೆಯದೆಯೇ ತಟ್ಟೆ ಹಿಡಿದು ಬಂದ. ಪೊನ್ನುಸಾಮಿ ಸಿಕ್ಕಸಿಕ್ಕವರ ಕಾಲಿಗೆ ಬಿದ್ದ. ಅವಸರದಲ್ಲಿ ಮೇಸ್ತ್ರಿಯ ಕಾಲಿಗೂ ಬಿದ್ದ.

"ನಾನು ಒಲ್ಲೆ."

ದನಿ ಚಿಕ್ಕದು. ಆದರೆ ತಮಟೆ ನಿಂತಿತು. ತಿಲಗವತಿ ಎದ್ದು ನಿಂತಿದ್ದಳು, ಕೈಯಲ್ಲಿ ತೇವಾರಂನವರು ಜೊತೆಗೆ ತಂದಿದ್ದ ಆ ಪಟ.

"ಇದು ನಾನು" ಎಂದು ಬಿಳಿ ಹೊಗೆಯನ್ನು ತೋರಿಸಿದಳು. "ಇದನ್ನ ನೋಡಿ ಅವ್ವನ ಜೀವ ಅಂತ ಅತ್ತಿದ್ದೀರಿ ಎಲ್ಲರೂ. ನನ್ನ ಮುಖ ಹೇಗಿದೆ ಅಂತ ತೇವಾರಂನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹೊಗೆಯಾಗಿ ಹೋದವಳು ಹೊಗೆಯಾಗೇ ಸೊಸೆ ಆಗ್ಬೇಕಾ? ಮೊದ್ಲು ನನ್ನ ಪಟ ಸರಿಯಾಗಿ ತೆಗೀಲಿ. ಆಮೇಲೆ ಹೇಳ್ತೀನಿ."

"ನೀನು ಒಂದು ಕಡೆ ಕೂತಿದ್ಯಾ ಹುಟ್ಟಿದಾಗಿಂದ!" ಎಂದಳು ಚೆಲ್ಲಮ್ಮಾಳ್.

"ಇವತ್ತು ಕೂರ್ತೀನಿ."

ಕೂತಳು. ಬುಟ್ಟಿಗಳನ್ನು ಪಕ್ಕಕ್ಕೆ ಸರಿಸಿ, ಸೆರಗು ಎಳೆದುಕೊಂಡು, ನೇರ ಗಾಜಿನ ಕಣ್ಣಿಗೆ ಕಣ್ಣಿಟ್ಟು ಕೂತಳು. ಪೊನ್ನುಸಾಮಿ ಎರಡು ಹೆಜ್ಜೆ ಹತ್ತಿರ ಬಂದ; ಈ ಸಲ ಯಾರೂ ಏನೂ ಅನ್ನಲಿಲ್ಲ. ಉಳಿದ ಒಂದೇ ಗಾಜಿನ ತಟ್ಟೆಯನ್ನು ಕ್ಯಾಮೆರಾದೊಳಗೆ ಇಟ್ಟ. ಮುಚ್ಚಳ ತೆಗೆದ.

ಪೇಟೆ ಪೇಟೆಯೇ ಉಸಿರು ಹಿಡಿಯಿತು. ಅವಳ ಹಣೆಯಿಂದ ಬೆವರಿನ ಹನಿಯೊಂದು ಹೊರಟು, ಹುಬ್ಬು ದಾಟಿ, ಕೆನ್ನೆಗೆ ಬಂತು. ಅವಳು ಒರೆಸಿಕೊಳ್ಳಲಿಲ್ಲ. ಮೂಗಿನ ಮೇಲೆ ನೊಣ ಕೂತಿತು. ಕದಲಲಿಲ್ಲ. ಎಲ್ಲೋ ಒಂದು ಮಡಕೆ ಬಿದ್ದು ಒಡೆಯಿತು. ತಿರುಗಲಿಲ್ಲ. ಈ ಹುಡುಗಿ ಯಾರಿಗಾಗಿಯೂ ಇಷ್ಟು ಹೊತ್ತು ಸುಮ್ಮನೆ ಕೂತವಳಲ್ಲ ಎಂಬುದು ನಿಧಾನವಾಗಿ ಪೊನ್ನುಸಾಮಿಯ ತಲೆಗೆ ಹೋಯಿತು. ಹೋದದ್ದೇ ತಡ, ಬೇರೆಲ್ಲವೂ ತಲೆಯಿಂದ ಹೊರಗೆ ಹೋಯಿತು. ಅವನು ಮುಚ್ಚಳವನ್ನು ಎದೆಗೊತ್ತಿಕೊಂಡು ಅವಳನ್ನೇ ನೋಡುತ್ತ ನಿಂತುಬಿಟ್ಟ.

ತಟ್ಟೆಗೆ ಬೇಕಾದ ಬೆಳಕು ಬಿದ್ದಾಯಿತು. ಅದಕ್ಕಿಂತ ಹೆಚ್ಚೂ ಬಿದ್ದಾಯಿತು. ಇನ್ನು ಅದರಲ್ಲಿ ಮುಖವಿರಲಿ, ಕೋಟೆಬಂಡೆಯೂ ಉಳಿಯುವಂತಿರಲಿಲ್ಲ. ಯಾರೂ ಅಲ್ಲಾಡಲಿಲ್ಲ, ಹುಡುಗಿಯ ಮಾತು ಬರುವವರೆಗೆ ತಾಂಬೂಲದ ತಟ್ಟೆ ಹಿಡಿದ ಗೌಡರ ಕೈಯೂ ಅಲ್ಲೇ ನಿಂತಿತ್ತು.

ತಿಲಗವತಿ ತುಟಿ ಅಲುಗಿಸದಂತೆ, ಹಲ್ಲಿನ ಸಂದಿಯಿಂದ, ಹುಟ್ಟಿದಾರಭ್ಯ ಒಮ್ಮೆಯೂ ನಂಟು ಹಿಡಿದು ಕರೆಯದವನನ್ನು ಮೆಲ್ಲಗೆ ಕರೆದಳು:

"ಬಾವಾ, ಮುಚ್ಚಿ. ಕತ್ತು ನೋಯ್ತಿದೆ."